ಕ್ಯಾಮೆರಾದ ಪಾಪೆ



ಬಿಸಿಲಿನಿಂದ ಕತ್ತಲೆಯ ಕೋಣೆಗೆ ಕಾಲಿಟ್ಟೊಡನೆ ನಮಗೆ ಏನೂ ಕಾಣದು. ಕೊಂಚ ಹೊತ್ತಿನಲ್ಲಿ ಮಂಚ, ಗಡಿಗೆ, ಗೋಡೆಯ ಪಟಗಳು ಒಂದೊಂದಾಗಿ ಮೂಡಿಬರುವುವು. ಕಣ್ಣಿನ ಪಾಪೆಯು ಹಿಗ್ಗಿ ಹೆಚ್ಚು ಬೆಳಕನ್ನು ಒಳಗೆ ಬಿಡುವುದು ಇದಕ್ಕೊಂದು ಕಾರಣ. ಈ ಕೆಲಸಕ್ಕೆ ನಮ್ಮ ಅಪ್ಪಣೆ ಬೇಕಿಲ್ಲ. ಕ್ಯಾಮೆರಾದ ಮಸೂರಕ್ಕೂ ಇಂತಹುದೇ ಪಾಪೆಯುಂಟು. ತೆಳುವಾದ ಲೋಹದ ಎಸಳುಗಳು ಒಂದರ ಮೇಲೊಂದು ಸರಿದು ನಡುವಣ ರಂಧ್ರವನ್ನು ಹಿರಿದು ಕಿರಿದು ಮಾಡುವುವು. ಆದರೆ ಬಹುಕಾಲ ಅದು ತಾನಾಗಿ ಚಲಿಸುತ್ತಿರಲಿಲ್ಲ. ಛಾಯಾಗ್ರಾಹಕನು ಆಕಾಶವನ್ನು ನೋಡಿ, ಅಂದಾಜುಮಾಡಿ, ಬೆರಳಿನಿಂದ ಉಂಗುರವನ್ನು ತಿರುಗಿಸಬೇಕಾಗಿದ್ದಿತು. ಅಂದಾಜು ತಪ್ಪಿದರೆ ಫಿಲ್ಮು ದಂಡ.

ಈ ಭಾರವನ್ನು ಯಂತ್ರಕ್ಕೆ ಒಪ್ಪಿಸಲು ನೆರವಾದುದು ಸೆಲೆನಿಯಂ ಎಂಬ ಮೂಲವಸ್ತು. ಬೆಳಕು ಬಿದ್ದಾಗ ಅದರಲ್ಲಿ ವಿದ್ಯುತ್ತು ಹೆಚ್ಚು ಸುಲಭವಾಗಿ ಹರಿಯುವುದೆಂದು 1873ರಲ್ಲಿ ವಿಲ್ಲೋಬಿ ಸ್ಮಿತ್ ಎಂಬ ಆಂಗ್ಲ ಎಂಜಿನಿಯರು ಪ್ರಕಟಿಸಿದನು. ಮೂರು ವರ್ಷಗಳ ತರುವಾಯ ಆಡಮ್ಸ್ ಮತ್ತು ಡೇ ಎಂಬಿಬ್ಬರು, ಬೆಳಕೊಂದರಿಂದಲೇ ಅದರಲ್ಲಿ ವಿದ್ಯುತ್ತು ಹುಟ್ಟುವುದೆಂದು ಕಂಡರು. ತಾನೇ ಬೆಳಕಿಗೆ ಹೊಂದಿಕೊಳ್ಳುವ ಕ್ಯಾಮೆರಾವೊಂದಕ್ಕೆ 1936ರಲ್ಲಿ ಅಮೆರಿಕದ ಪೇಟೆಂಟು ಪಡೆದವರಲ್ಲಿ ಒಬ್ಬರು ಆಲ್ಬರ್ಟ್ ಐನ್‌ಸ್ಟೈನರು! ಅಂಗಡಿಗೆ ಬಂದ ಮೊದಲನೆಯದು ಕೊಡಕ್ ಸಂಸ್ಥೆಯ 1938ರ ಸೂಪರ್ ಸಿಕ್ಸ್-20. ಬೆಲೆ 225 ಡಾಲರು, ಕೊಂಡವರು ವಿರಳ.

ಅದರ ಒಳಗಣ ಉಪಾಯವು ಸೊಗಸಾದುದು. ಬೆಳಕು ಬಿದ್ದಷ್ಟೂ ವಿದ್ಯುತ್ತು ಹುಟ್ಟಿ ಒಂದು ಸಣ್ಣ ಮುಳ್ಳು ಸರಿಯುವುದು. ಎಸಳುಗಳನ್ನು ತಳ್ಳಲು ಅಷ್ಟು ದುರ್ಬಲವಾದ ಮುಳ್ಳಿಗೆ ಶಕ್ತಿಯೆಲ್ಲಿಯದು? ಆದುದರಿಂದ ನಾವು ಗುಂಡಿಯನ್ನು ಒತ್ತಿದೊಡನೆ ಮೊದಲು ಮುಳ್ಳು ನಿಂತಲ್ಲಿಯೇ ಬಿಗಿಯಲ್ಪಡುವುದು. ಬಳಿಕ ಅದು ಎಲ್ಲಿ ನಿಂತಿದೆಯೆಂಬುದನ್ನು ಸನ್ನೆಯೊಂದು ತಡವಿ ಅರಿತು, ಅದಕ್ಕೆ ತಕ್ಕಂತೆ ರಂಧ್ರವು ನಿಲ್ಲುವುದು. ದುಡಿಮೆ ನಮ್ಮ ಬೆರಳಿನದು, ತೀರ್ಪು ಮಾತ್ರ ಮುಳ್ಳಿನದು.

ಆ ತೀರ್ಪಿನಲ್ಲಿಯೇ ತೊಡಕು. ಎಷ್ಟು ಬೆಳಕೆಂಬುದನ್ನು ಮುಳ್ಳು ಬಲ್ಲದು. ಯಾವುದರ ಬೆಳಕೆಂಬುದನ್ನು ಅರಿಯದು. ಎದುರಿಗಿರುವುದೆಲ್ಲವೂ ಒಟ್ಟಿನಲ್ಲಿ ನಡುತರದ ಬೂದುಬಣ್ಣವೆಂದೇ ಅದರ ನಂಬಿಕೆ. ಆದುದರಿಂದ ಹಿಮವೂ ಬೂದಿ, ಕರಿಯ ಕಂಬಳಿಯೂ ಬೂದಿ.

ಹಿಂದೊಮ್ಮೆ ಇಂತಹ ಕ್ಯಾಮೆರಾವನ್ನು ಹಿಡಿದು ನಾವು ನಮ್ಮ ಸೋದರತ್ತೆಯವರ ಚಿತ್ರವನ್ನು ತೆಗೆದೆವು. ಅವರು ಪಡಸಾಲೆಯ ಬಾಗಿಲಲ್ಲಿ ಕುಳಿತಿದ್ದರು; ಬೆನ್ನ ಹಿಂದೆ ಅಂಗಳದ ತುಂಬ ಬೇಸಗೆಯ ಬಿಸಿಲು. ಮುಳ್ಳು ಬಿಸಿಲನ್ನು ಅಳೆದು ರಂಧ್ರವನ್ನು ಕಿರಿದು ಮಾಡಿತು. ಅಂಗಳದ ತುಲಸಿಯ ಒಂದೊಂದು ಎಲೆಯೂ ಸ್ಪಷ್ಟವಾಗಿ ಮೂಡಿತು. ಅತ್ತೆಯವರು ಮಾತ್ರ ಬರಿಯ ನೆರಳಾದರು. ಆ ವರ್ಷವೇ ಅವರು ತೀರಿಕೊಂಡರು. ನೆಗೆಟಿವನ್ನು ಚಿತ್ರ ತೊಳೆಯುವವನಲ್ಲಿಗೆ ಕೊಂಡೊಯ್ದಾಗ, "ಬೆಳಕೇ ಬೀಳದ ಕಡೆ ನಾನೇನು ತೋರಿಸಲಿ, ಸ್ವಾಮಿ?" ಎಂದನು.

ಈಗಿನ ಯಂತ್ರಗಳು ಜಾಣವಾಗಿವೆ. ನೋಟವನ್ನು ಹಲವು ತುಂಡುಗಳಾಗಿ ಅಳೆಯುವುವು. ಮುಖವನ್ನು ಹುಡುಕಿ ಅದಕ್ಕೆ ಮನ್ನಣೆ ಕೊಡುವುವು. ಜೇಬಿನ ಫೋನುಗಳಲ್ಲಿಯಾದರೋ ಬಹುಮಟ್ಟಿಗೆ ರಂಧ್ರವು ಕದಲುವುದೇ ಇಲ್ಲ. ಬೆಳಕನ್ನು ಕೂಡಿಸುವ ಕಾಲವೂ ಅದನ್ನು ವರ್ಧಿಸುವ ಪ್ರಮಾಣವೂ ಬದಲಾಗುವುವು. ಆದರೂ ಬೆನ್ನಬೆಳಕಿನಲ್ಲಿ ಇವೂ ಒಮ್ಮೊಮ್ಮೆ ಮೋಸಹೋಗುವುದುಂಟು. ಹಾಗಾದಾಗ ಪರದೆಯ ಮೇಲೆ ಕಾಣುವ ಮುಖವನ್ನೇ ಬೆರಳಿನಿಂದ ಮುಟ್ಟಬೇಕು. ಸಾಮಾನ್ಯವಾಗಿ ಯಂತ್ರವು ಅಲ್ಲಿಯ ಬೆಳಕನ್ನು ಮತ್ತೆ ಅಳೆಯುವುದು. ಹಿಂದಣ ಅಂಗಳವು ಬೆಳ್ಳಗೆ ಕರಗಿಹೋಗಬಹುದು. ಹೋಗಲಿ.