ಕುದುರೆಯ ಚರ್ಮದ ಗಂತಿ: ಕೊಯ್ಯುವ ಮುನ್ನ ಯೋಚಿಸಿರಿ
(ಭಾಷಣದ ಪಾಠ)



ಮಂದೆ ಹೊಡೆದುಕೊಂಡು ಊರೂರು ತಿರುಗುವ ಕುರಿಗಾರರ ಸಂಸಾರವನ್ನು ಹೊರುವುದು ಕುದುರೆ. ಜಟಕಾದವರಿಗೆ ಅದೇ ಅನ್ನದ ದಾರಿ. ಅಂಥ ಪ್ರಾಣಿಯ ಮೈಮೇಲೆ ಗಂತಿ ಎದ್ದಾಗ ಕೆಲವರು 'ನರೂಲಿ, ತಾನೇ ಉದುರುತ್ತದೆ' ಎಂದು ಬಿಟ್ಟುಬಿಡುತ್ತಾರೆ. ಮತ್ತೆ ಕೆಲವರು ದಾರ ಬಿಗಿದು, ಬರೆ ಹಾಕಿ, ಮೈಲುತುತ್ತ ಸವರಿ ಕೀಳಲು ನೋಡುತ್ತಾರೆ. ಎರಡೂ ಅಪಾಯಕರ. ಏಕೆಂದರೆ ಎಲ್ಲ ಗಂತಿಗಳೂ ಒಂದೇ ಬಗೆಯವಲ್ಲ.

ಕುದುರೆಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಸಾರ್ಕಾಯ್ಡ್. ದನಗಳಿಗೆ ನರೂಲಿ ತರುವ ವೈರಾಣುವಿಗೂ ಇದಕ್ಕೂ ನಂಟಿದೆ. ಕಣ್ಣಿನ ಸುತ್ತ, ಕಿವಿ, ಹೊಟ್ಟೆಯ ಅಡಿ, ತೊಡೆಸಂದು, ಹಳೆಯ ಗಾಯ—ಇವು ಇದರ ಠಾವುಗಳು. ಕೂದಲುದುರಿದ ಮಚ್ಚೆಯಂತೆ, ನರೂಲಿಯಂತೆ, ಇಲ್ಲವೆ ಹಸಿಮಾಂಸದ ಮುದ್ದೆಯಂತೆ ಕಾಣಬಹುದು. ಒಳಾಂಗಗಳಿಗೆ ಹರಡದು. ಆದರೆ ಅರೆಬರೆ ಕೊಯ್ದರೆ ಮೊದಲಿಗಿಂತ ಜೋರಾಗಿ ಚಿಗುರಬಹುದು. ಆದುದರಿಂದಲೇ ವೈದ್ಯರು ಒಮ್ಮೊಮ್ಮೆ ಪರೀಕ್ಷೆಗೆ ತುಣುಕು ತೆಗೆಯಲೂ ಹಿಂಜರಿಯುತ್ತಾರೆ. ಇದನ್ನು ಅಲಕ್ಷ್ಯವೆಂದು ತಿಳಿಯಬಾರದು.

ಎರಡನೆಯದು ಮೆಲನೋಮ. ಮರಿಯಾಗಿದ್ದಾಗ ಕಪ್ಪು ಅಥವಾ ಕಂದಾಗಿದ್ದು, ಬರಬರುತ್ತ ಬೆಳ್ಳಗಾಗುವ ಕುದುರೆಗಳಿಗೆ ಇದು ಹೆಚ್ಚು. 15 ವರ್ಷ ದಾಟಿದ ಇಂಥ ಕುದುರೆಗಳಲ್ಲಿ ಬಹುಪಾಲಿಗೆ ಇದು ಬರುತ್ತದೆ. ಬಾಲದ ಕೆಳಗೆ, ಗುದದ ಸುತ್ತ, ತುಟಿ ಅಥವಾ ಕಿವಿಯ ಬುಡದಲ್ಲಿ ಗಟ್ಟಿಯಾದ ಕಪ್ಪು ಗುಂಡುಗಳಿರುತ್ತವೆ. ವರ್ಷಗಟ್ಟಲೆ ಸುಮ್ಮನಿದ್ದು, ಮುಂದೆ ಬೆಳೆದು ಲದ್ದಿಗೆ ಅಡ್ಡಿಯಾಗಬಹುದು. ಕೆಲವು ಒಳಗೂ ಹರಡುತ್ತವೆ. ಚಿಕ್ಕದಿರುವಾಗಲೇ ತೆಗೆಸುವುದು ಸುಲಭ.

ಮೂರನೆಯದು ಚರ್ಮದ ಕ್ಯಾನ್ಸರ್. ಬಣ್ಣವಿಲ್ಲದ ಗುಲಾಬಿ ಚರ್ಮವಿರುವ ಕಣ್ಣುರೆಪ್ಪೆ ಮತ್ತು ಗಂಡು ಕುದುರೆಯ ಜನನಾಂಗದಲ್ಲಿ ಹೆಚ್ಚು. ರೆಪ್ಪೆಗೆ ಬಿಸಿಲೂ ಒಂದು ಕಾರಣ. ಮಾಯದ ಹುಣ್ಣು, ರಕ್ತ, ದುರ್ವಾಸನೆ ಇದರ ಗುರುತು. ಇದರಲ್ಲಿ ತಡ ಸಲ್ಲದು.

ಹುಳುವಿನಿಂದಾಗುವ ಬೇಸಿಗೆ ಹುಣ್ಣು, ಗಾಯದಲ್ಲಿ ಉಬ್ಬುವ ಹೆಚ್ಚುಮಾಂಸ ಇವೂ ಗಂತಿಯಂತೆಯೇ ತೋರುವುದರಿಂದ ಕಣ್ಣಳತೆಯ ತೀರ್ಮಾನ ಬೇಡ.

ಒಡೆಯರು ಮಾಡಬೇಕಾದುದಿಷ್ಟು: ತಿಂಗಳಿಗೊಮ್ಮೆ ಮೈ ಉಜ್ಜುವಾಗ ಬಾಲವೆತ್ತಿ, ಕಿವಿ, ತೊಡೆಸಂದುಗಳನ್ನು ತಡವಿ ನೋಡಿರಿ. ಗಂತಿ ಕಂಡರೆ ದಾರದಿಂದ ಅಳೆದು, ತಾರೀಖು ಬರೆದಿಡಿರಿ. ಬೆಳೆದರೆ, ಒಡೆದರೆ, ಹಗ್ಗ–ತಡಿ ತಾಗಿ ನೋಯುತ್ತಿದ್ದರೆ ಕೂಡಲೆ ಪಶುವೈದ್ಯರನ್ನು ಕಾಣಿರಿ. ಗಾಯಕ್ಕೆ ನೊಣ ಮುತ್ತಗೊಡದಿರಿ.

ವೈದ್ಯರು ಗಂತಿಯ ಬಗೆ ಮತ್ತು ಜಾಗ ನೋಡಿ, ಅಂಚು ಬಿಟ್ಟು ಕೊಯ್ಯುವುದು, ಹೆಪ್ಪುಗಟ್ಟಿಸಿ ಸಾಯಿಸುವುದು, ಗಂತಿಗೇ ಮದ್ದು ಚುಚ್ಚುವುದು, ಇಲ್ಲವೆ ಕಾದು ನೋಡುವುದು—ಇವುಗಳಲ್ಲಿ ಒಂದನ್ನು ಆರಿಸುತ್ತಾರೆ. ಗುಣವಾದ ಮೇಲೂ ಮತ್ತೆ ತೋರಿಸುವುದನ್ನು ಮರೆಯಬಾರದು. ಮೊದಲ ಚಿಕಿತ್ಸೆಯೇ ಸರಿಯಾಗಿ ನಡೆದರೆ ಗೆಲುವಿನ ಆಸೆ ಹೆಚ್ಚು. ಮನೆಮದ್ದಿನಿಂದ ಕೆಣಕಿದ ಗಂತಿಯನ್ನು ಹತೋಟಿಗೆ ತರುವುದು ವೈದ್ಯರಿಗೂ ಕಷ್ಟ.