ಆಜ್ಞೆಗೆ ಕಾಯದೆ, ಹೊತ್ತಿಗೆ ಕಾದ ರಾವುತ

ದೊರೆಯ ಆಜ್ಞೆ ಬಂದಿದೆ. ಪಾಲಿಸಿದರೆ ದಳ ಹಾಳಾದೀತು. ಮೀರಿದರೆ ತಲೆ ಹೋದೀತು. ಇಂಥ ಇಕ್ಕಟ್ಟಿನಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? 1758ರ ಆಗಸ್ಟ್ 25ರಂದು, ತ್ಸಾರ್ನ್‌ಡಾರ್ಫ್ ರಣರಂಗದಲ್ಲಿ, ಪ್ರಷ್ಯದ ಅಶ್ವದಳದ ನಾಯಕ ಸೈಡ್ಲಿಟ್ಸನ ಮುಂದೆ ಈ ಪ್ರಶ್ನೆ ನಿಂತಿತು. ಆತನ ಉತ್ತರ ಕೇಳುವ ಮೊದಲು, ಆತನು ಅಲ್ಲಿಗೆ ಬಂದ ದಾರಿಯನ್ನಿಷ್ಟು ನೋಡೋಣ.

ಫ್ರೀಡ್ರಿಕ್ ವಿಲ್ಹೆಲ್ಮ್ ಫಾನ್ ಸೈಡ್ಲಿಟ್ಸ್ ಹುಟ್ಟಿದ್ದು 1721ರಲ್ಲಿ, ರೈನ್ ನದಿಯ ಸೀಮೆಯ ಕಾಲ್ಕರ್ ಎಂಬ ಊರಿನಲ್ಲಿ. ತಂದೆ ಬೇಗನೆ ತೀರಿಕೊಂಡ. ಹುಡುಗ ಶ್ವೆಟ್ ಪಟ್ಟಣದ ಪ್ರಭುವಿನ ಊಳಿಗಕ್ಕೆ ಸೇರಿದ. ಗಾಳಿಗಿರಣಿಯ ತಿರುಗುವ ರೆಕ್ಕೆಗಳ ನಡುವೆ ಅವನು ಕುದುರೆ ನುಗ್ಗಿಸುತ್ತಿದ್ದನೆಂದು ಕತೆಯುಂಟು. 1740ರಲ್ಲಿ ಸೈನ್ಯ ಸೇರಿದ; 1742ರಲ್ಲಿ ಆಸ್ಟ್ರಿಯನ್ನರ ಕೈಗೆ ಸೆರೆಸಿಕ್ಕು ಬಿಡುಗಡೆಯಾದ; 24ನೆಯ ವಯಸ್ಸಿಗೇ ಮೇಜರ್ ಆದ.

1757ರ ನವೆಂಬರ್ 5ರಂದು ರಾಸ್‌ಬಾಖ್‌ನಲ್ಲಿ ಎರಡನೆಯ ಫ್ರೆಡರಿಕ್ ದೊರೆ, ಹಿರಿಯ ಸೇನಾನಿಗಳಿದ್ದರೂ, 38 ತುಕಡಿಗಳ ಅಶ್ವದಳವನ್ನು ಈತನಿಗೊಪ್ಪಿಸಿದ. ಎದುರಿಗೆ ಫ್ರೆಂಚರದೂ ಜರ್ಮನ್ ಸಾಮ್ರಾಜ್ಯದ್ದೂ ಸೇರಿ ಸುಮಾರು 40,000 ಮಂದಿ, ಪ್ರಷ್ಯದವರು 22,000. ಸೈಡ್ಲಿಟ್ಸ್ ದಿಣ್ಣೆಯ ಮರೆಯಲ್ಲಿ ಸಾಗಿ, ಶತ್ರುವಿನ ಮೇಲೆ ಫಕ್ಕನೆ ಎರಗಿದ. ಆದರೆ ಆತನ ನಿಜವಾದ ಹೆಚ್ಚುಗಾರಿಕೆ ಮುಂದಿನದು. ಗೆದ್ದ ಕುದುರೆಗಳು ಓಡಿದವರ ಬೆನ್ನಟ್ಟಿ ಚೆದರಿಹೋಗುವುದು ವಾಡಿಕೆ. ಆತನು ಅವನ್ನು ಒಟ್ಟುಗೂಡಿಸಿ, ಸಾಲಾಗಿ ನಿಲ್ಲಿಸಿ, ಕಾದು, ಎರಡನೆಯ ಸಲ ಕಾಲಾಳುಗಳ ಪಕ್ಕಕ್ಕೆ ನುಗ್ಗಿಸಿದ. ಪ್ರಷ್ಯಕ್ಕೆ ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 550 ಮಂದಿಯ ನಷ್ಟ. ಶತ್ರುವಿಗೆ ಸೆರೆಯಾದವರೂ ಸೇರಿ ಸುಮಾರು ಹತ್ತು ಸಾವಿರ.

ಈಗ ತ್ಸಾರ್ನ್‌ಡಾರ್ಫಿಗೆ ಬನ್ನಿ. ಎದುರಾಳಿ ರಷ್ಯದ ಸೈನ್ಯ. ನಡುವೆ ಕೊರಕಲು ನೆಲ. ಕೂಡಲೇ ನುಗ್ಗೆಂದು ದೊರೆಯಿಂದ ಮತ್ತೆ ಮತ್ತೆ ಅಪ್ಪಣೆ ಬಂತು. ಸೈಡ್ಲಿಟ್ಸ್ ಕದಲಲಿಲ್ಲ. "ಕಾಳಗ ಮುಗಿದ ಮೇಲೆ ನನ್ನ ತಲೆ ದೊರೆಯದು, ಅಲ್ಲಿಯವರೆಗೆ ಅದನ್ನು ದೊರೆಯ ಕೆಲಸಕ್ಕೇ ಬಳಸಲು ಬಿಡಲಿ" ಎಂಬರ್ಥದ ಮಾತು ಹೇಳಿ ಕಳುಹಿಸಿದನೆಂದು ಪ್ರತೀತಿ. ಪ್ರಷ್ಯದ ಕಾಲಾಳುಗಳನ್ನು ಅಟ್ಟಿಬಂದ ರಷ್ಯನ್ನರ ಸಾಲು ಸಡಿಲಾದಾಗ ಆತನು ಕೊರಕಲು ದಾಟಿ ಎರಗಿದ. ದೊರೆಯ ಸೈನ್ಯ ಉಳಿಯಿತು. ಆದರೂ ಆ ದಿನ ಎರಡೂ ಕಡೆ ಹತ್ತು ಸಾವಿರಕ್ಕೂ ಮಿಕ್ಕಿ ಜನ ಸತ್ತರು ಇಲ್ಲವೆ ಗಾಯಗೊಂಡರು.

ದೊರೆ ಆತನನ್ನು ದಂಡಿಸಲಿಲ್ಲ. ಮರುವರ್ಷ ಕೂನರ್ಸ್‌ಡಾರ್ಫಿನಲ್ಲಿ ಗಾಯಗೊಂಡರೂ ಸೈಡ್ಲಿಟ್ಸ್ ಚೇತರಿಸಿಕೊಂಡು, 1762ರಲ್ಲಿ ಫ್ರೈಬರ್ಗ್ ಕಾಳಗದಲ್ಲಿ ಹೋರಾಡಿದ. ಶಾಂತಿ ಬಂದ ಮೇಲೆ ಸೈಲೀಸಿಯದ ಅಶ್ವದಳವನ್ನು ತಿದ್ದಿ ಪಳಗಿಸಿ, 1773ರಲ್ಲಿ 52ನೆಯ ವಯಸ್ಸಿನಲ್ಲಿ ತೀರಿಕೊಂಡ.

ಆ ಎರಗು ಸೋತಿದ್ದರೆ? ಅದೇ ಮಾತು ರಾಜದ್ರೋಹವೆನಿಸುತ್ತಿತ್ತು. ಸೈಡ್ಲಿಟ್ಸನಿಗೆ ಅದು ತಿಳಿದಿತ್ತು. ತಿಳಿದೂ ಕಾದ, ಆತನನ್ನು ಇಂದಿಗೂ ನೆನೆಯುವುದು ಅದಕ್ಕಾಗಿಯೇ.