ಬ್ಯಾಟರಿಯೊಳಗಿನ ಸೀಸವೂ ನಮ್ಮ ಲೈನಿನ ಮಕ್ಕಳೂ
(ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಾರಿಯ ಕೂಟದಲ್ಲಿ ಬ್ಯಾಟರಿಯ ವಿಷಯ ಮಾತಾಡುತ್ತೇವೆಂದು ಹೇಳಿದಾಗ ಕೆಲವರು ನಕ್ಕರು. ಸಂಬಳ, ಬೋನಸ್ಸು, ಲೈನ್ ಮನೆಯ ಸೋರುವ ಮಾಡು, ಇವನ್ನೆಲ್ಲ ಬಿಟ್ಟು ಬ್ಯಾಟರಿಯೇ ಎಂದು ಕೇಳಿದರು. ನಗಲಿ. ನಮ್ಮ ಪ್ರಾರ್ಥನಾ ಮಂದಿರದ ಹಿಂದೆ ನಡೆದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಮಂದಿರದ ಮೈಕ್‌ಸೆಟ್ಟಿಗೆ ಇಟ್ಟಿದ್ದ ಬ್ಯಾಟರಿ ಸತ್ತುಹೋಯಿತು. ಪೇಟೆಯವರೆಗೆ ಹೊತ್ತುಕೊಂಡು ಹೋದರೆ ಗುಜರಿಯವನು ಏನು ಮಹಾ ಕೊಡುತ್ತಾನೆ, ಒಡೆದು ಸೀಸ ತೆಗೆದರೆ ಬೀಸುಬಲೆಗೆ ಗುಂಡಾದರೂ ಆಗುತ್ತದೆ ಎಂದು ತೀರ್ಮಾನ ಮಾಡಿದವರು ಕಮಿಟಿಯವರಾದ ನಾವೇ. ಬೇರೆ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಆ್ಯಸಿಡ್ಡನ್ನು ಬೇಲಿಯ ಬುಡಕ್ಕೆ ಸುರಿದೆವು. ಪೆಟ್ಟಿಗೆಯನ್ನು ಕೊಡಲಿಯ ಹಿಂಬದಿಯಿಂದ ಒಡೆದೆವು. ಪ್ಲೇಟುಗಳನ್ನು ಕಲ್ಲಿಗೆ ಬಡಿದು, ಅದಕ್ಕೆ ಮೆತ್ತಿದ್ದ ಬೂದು, ಕಂದು ಬಣ್ಣದ ಮಣ್ಣನ್ನು ಉದುರಿಸಿ, ಉಳಿದ ಜಾಲರಿಯನ್ನು ಹಳೆಯ ಬಾಣಲೆಗೆ ಹಾಕಿ ಮೂರು ಕಲ್ಲಿನ ಒಲೆಯ ಮೇಲೆ ಕರಗಿಸಿದೆವು. ಗುಂಡುಗಳು ಚೆನ್ನಾಗಿಯೇ ಬಂದವು. ಬಾಣಲೆಯನ್ನು ಉಜ್ಜಿ ತೊಳೆದು ಅಡಿಗೆಮನೆಗೆ ಹಿಂದಿರುಗಿಸಿದೆವು.

ಹದಿನೈದು ದಿನ ಕಳೆದಿರಲಿಲ್ಲ. ಮಂದಿರದ ಪಕ್ಕದ ಮನೆಯ ಕರು ಮೇವು ಬಿಟ್ಟಿತು. ಹಲ್ಲು ಕಡಿಯುತ್ತಿತ್ತು, ಗೋಡೆಗೆ ತಲೆ ಒತ್ತಿ ನಿಲ್ಲುತ್ತಿತ್ತು, ಕಣ್ಣು ತೆರೆದಿದ್ದರೂ ಎದುರಿನ ಮನುಷ್ಯ ಕಾಣುತ್ತಿರಲಿಲ್ಲ. ಮೂರನೆಯ ದಿನ ಸತ್ತಿತು. ದೃಷ್ಟಿಯಾಯಿತು ಎಂದವರೊಬ್ಬರು, ಹಾವು ಮುಟ್ಟಿತು ಎಂದವರೊಬ್ಬರು. ಪಶುವೈದ್ಯರು ಬಂದು ಕರುವನ್ನು ನೋಡಿ ಕೇಳಿದ ಮೊದಲ ಮಾತು, "ಇಲ್ಲಿ ಎಲ್ಲಾದರೂ ಹಳೇ ಬ್ಯಾಟರಿ ಬಿದ್ದಿದೆಯಾ?" ಎಂದು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬ್ಯಾಟರಿಯ ಮಣ್ಣಿನ ರುಚಿ ದನಗಳಿಗೆ ಹಿಡಿಸುತ್ತದಂತೆ, ಸಿಕ್ಕಿದರೆ ಬಿಡದೆ ನೆಕ್ಕುತ್ತವಂತೆ. ಕರುವಿನ ಯಜಮಾನಿತಿ ಅಳುತ್ತಲೇ, "ಅಲ್ಲೇ ಅಲ್ಲವೇ ನಮ್ಮ ಮಕ್ಕಳು ಗೋಲಿ ಆಡೋದು?" ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಇಬ್ಬರ ರಕ್ತದಲ್ಲಿ ಇರಬಾರದಷ್ಟು ಸೀಸವಿತ್ತು. ಇಬ್ಬರೂ ನೋಡುವುದಕ್ಕೆ ಗಟ್ಟಿಮುಟ್ಟಾಗಿಯೇ ಇದ್ದರು.

ಅಂದಿನಿಂದ ನಾವು ಈ ವಸ್ತುವನ್ನು ಕುರಿತು ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇವೆ.

ಸೀಸ ನಮ್ಮ ಸತ್ಯವೇದಕ್ಕೆ ಹೊಸದಲ್ಲ. ಅರಣ್ಯಕಾಂಡದ 31ನೆಯ ಅಧ್ಯಾಯದಲ್ಲಿ ಬೆಂಕಿ ದಾಟಿಸಬೇಕಾದ ಆರು ಲೋಹಗಳ ಹೆಸರು ಬರುತ್ತದಲ್ಲ, ಅದರಲ್ಲಿ ಸೀಸವೂ ಒಂದು. ಅದು ಭಾರವಾದ ಲೋಹ, ಆದರೆ ಬಹಳ ಮೆತ್ತಗೆ. ಶುದ್ಧ ಸೀಸದ ಮೇಲೆ ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. 1859ರಲ್ಲಿ ಫ್ರಾನ್ಸಿನ ಗಾಸ್ತೊನ್ ಪ್ಲಾಂಟೆ ಎಂಬಾತ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ವಿದ್ಯುತ್ ತುಂಬಬಹುದಾದ ಮೊದಲ ಬ್ಯಾಟರಿ ಮಾಡಿದ. 1881ರಲ್ಲಿ ಕಮಿಲ್ ಫೋರ್ ಎಂಬಾತ ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ಸೀಸದ ಮೇಲೆ ಮೆತ್ತಿದ. ಶಕ್ತಿ ಹೆಚ್ಚಿತು. ಆದರೆ ಆ ಮೆತ್ತಿದ್ದನ್ನು ಹಿಡಿದು ನಿಲ್ಲಿಸಲು ಜಾಲರಿ ಬೇಕು, ಜಾಲರಿಗೆ ಗಟ್ಟಿತನ ಬೇಕು. ಮೆತ್ತನೆಯ ಸೀಸ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಅದೇ 1881ರಲ್ಲಿ ಇಂಗ್ಲೆಂಡಿನ ಸೆಲ್ಲನ್ ಎಂಬವನು ಸೀಸಕ್ಕೆ ಅಂಟಿಮನಿ ಬೆರೆಸಿದ.

ಅಂಟಿಮನಿ ಎಂದರೆ ಬೆಳ್ಳಿಯಂತೆ ಹೊಳೆಯುವ, ಬಡಿದರೆ ಪುಡಿಯಾಗುವ ಲೋಹ. ಹಳೆಯ ಕಾಲದಲ್ಲಿ ಕಣ್ಣಿಗೆ ಹಚ್ಚುತ್ತಿದ್ದ ಸುರ್ಮಾ ಇದರ ಅದುರಿನಿಂದಲೂ ಆಗುತ್ತಿತ್ತು. ಎರಡನೆಯ ಅರಸುಗಳ ಪುಸ್ತಕದಲ್ಲಿ ಈಜೆಬೆಲಳು ಕಿಟಕಿಯಲ್ಲಿ ನಿಲ್ಲುವ ಮುಂಚೆ ಕಣ್ಣಿಗೆ ಹಚ್ಚಿಕೊಂಡದ್ದು ಅದೇ ಜಾತಿಯದು ಎನ್ನುತ್ತಾರೆ. ಈ ಪೆಡಸು ಲೋಹವೂ ಆ ಮೆತ್ತನೆಯ ಲೋಹವೂ ಸೇರಿದರೆ ಗಟ್ಟಿ ಸೀಸ ಹುಟ್ಟುತ್ತದೆ. ಬೇರೆ ಬೇರೆ ಇದ್ದಾಗ ಸೀಸ ಕರಗಲು 327 ಡಿಗ್ರಿ ಬೇಕು, ಅಂಟಿಮನಿಗೆ 631 ಡಿಗ್ರಿ ಬೇಕು. ನೂರು ಪಾಲಿನಲ್ಲಿ 11 ಪಾಲು ಅಂಟಿಮನಿ ಇದ್ದರೆ ಆ ಮಿಶ್ರಣ 252 ಡಿಗ್ರಿಗೇ ಕರಗಿಬಿಡುತ್ತದೆ. ಬೇಗ ಕರಗುತ್ತದೆ, ಅಚ್ಚಿನ ಮೂಲೆ ಮೂಲೆಗೆ ತುಂಬುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಅಚ್ಚುಕೂಟದ ಮೊಳೆಗಳನ್ನು ಎರಕ ಹೊಯ್ಯುತ್ತಿದ್ದುದೂ ಸೀಸ, ಅಂಟಿಮನಿ, ತವರ ಕೂಡಿಸಿಯೇ. ಮಂಗಳೂರಿನ ಬಾಸೆಲ್ ಮಿಷನ್ನಿನವರು 1894ರಲ್ಲಿ ಕಿಟ್ಟೆಲ್ ಅವರ ನಿಘಂಟನ್ನು ಹೊರತಂದ ಕಾಲ ಅಂಥ ಮೊಳೆಗಳ ಕಾಲವೇ. ಇಷ್ಟು ಒಳ್ಳೆಯ ಕೆಲಸ ಮಾಡಿದ ಲೋಹವನ್ನು ಬರಿದೇ ಬೈಯುವುದು ನಮ್ಮ ಉದ್ದೇಶವಲ್ಲ.

ಬ್ಯಾಟರಿಯ ಮೇಲೆ ಕಾಣುವ ಎರಡು ಗೂಟ, ಪ್ಲೇಟುಗಳನ್ನು ಒಂದಕ್ಕೊಂದು ಕೂಡಿಸುವ ಪಟ್ಟಿ, ಇನ್ವರ್ಟರಿಗೆ ಇಡುವ ಟ್ಯೂಬ್ಯುಲರ್ ಬ್ಯಾಟರಿಯ ಒಳಗಿನ ಕಡ್ಡಿಗಳು, ಇವೆಲ್ಲ ಸಾಮಾನ್ಯವಾಗಿ ಈ ಗಟ್ಟಿ ಸೀಸದವು. ಹಿಂದೆ ನೂರಕ್ಕೆ ಹತ್ತರ ಸುಮಾರಿಗೂ ಅಂಟಿಮನಿ ಹಾಕುತ್ತಿದ್ದರು, ಈಗ ಎರಡು ಮೂರು ಪಾಲಿಗೆ ಇಳಿಸಿದ್ದಾರೆ. ಕಾರಣವಿದೆ. ಜಾಲರಿ ಸವೆದ ಹಾಗೆಲ್ಲ ಅಂಟಿಮನಿ ಆ್ಯಸಿಡ್ಡಿನಲ್ಲಿ ಕರಗಿ ಎದುರಿನ ಪ್ಲೇಟಿಗೆ ಹೋಗಿ ಕೂರುತ್ತದೆ. ಅಲ್ಲಿ ಕೂತಮೇಲೆ ಚಾರ್ಜ್ ಮಾಡುವಾಗ ನೀರು ಬೇಗ ಒಡೆದು ಗಾಳಿಯಾಗಿ ಹೋಗುತ್ತದೆ. ಆದುದರಿಂದಲೇ ಇಂಥ ಬ್ಯಾಟರಿಗೆ ಹಳೆಯದಾದಷ್ಟೂ ಬಾಯಾರಿಕೆ ಹೆಚ್ಚು. ಅದಕ್ಕೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು, ಒರತೆಯ ನೀರು ಕಣ್ಣಿಗೆ ಎಷ್ಟು ತಿಳಿಯಾಗಿದ್ದರೂ ಅದರಲ್ಲಿ ಉಪ್ಪಿರುತ್ತದೆ. ಮುಚ್ಚಳ ತೆಗೆದು ನೋಡುವಾಗ ದೀಪವನ್ನಾಗಲಿ ಬೆಂಕಿಕಡ್ಡಿಯನ್ನಾಗಲಿ ಹತ್ತಿರ ತರಬಾರದು, ಹೊರಡುವ ಗಾಳಿ ಸಿಡಿಯುತ್ತದೆ. ನೀರು ಹಾಕುವ ಕೆಲಸವೇ ಬೇಡವೆಂದು ಈಗ ಕಾರಿನ ಬ್ಯಾಟರಿಗಳಲ್ಲಿ ಹಲವಕ್ಕೆ ಅಂಟಿಮನಿಯ ಬದಲು ಕ್ಯಾಲ್ಸಿಯಂ ಬೆರೆಸುತ್ತಾರೆ. ಆದರೂ ದಿನಾ ಬರಿದಾಗಿ ದಿನಾ ತುಂಬುವ ಬ್ಯಾಟರಿಗೆ ಅಂಟಿಮನಿಯೇ ಬಾಳಿಕೆ ಕೊಡುತ್ತದೆ. ಕರೆಂಟು ಕೈಕೊಡುವ ನಮ್ಮಂಥ ಊರಿಗೆ ಬರುವುದು ಅಂಥದ್ದೇ.

ಈಗ ನಾವು ಮಾಡಿದ ಬುದ್ಧಿಗೇಡಿ ಕೆಲಸಕ್ಕೆ ಬರೋಣ. ಬ್ಯಾಟರಿಯ ಸೀಸದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಜಾಲರಿಯಲ್ಲಲ್ಲ, ಮೆತ್ತಿದ ಆ ಮಣ್ಣಿನಲ್ಲಿ. ಸೌದೆ ಒಲೆಯ ಮೇಲಿನ ಬಾಣಲೆಯಲ್ಲಿ ಜಾಲರಿ ಕರಗುತ್ತದೆ, ಮಣ್ಣು ಲೋಹವಾಗುವುದಿಲ್ಲ. ಆದುದರಿಂದ ಹೀಗೆ ಒಡೆಯುವವನು ಸ್ವಲ್ಪ ಭಾಗವನ್ನು ಗುಂಡು ಮಾಡಿಕೊಂಡು, ದೊಡ್ಡ ಭಾಗವನ್ನು ಅಂಗಳಕ್ಕೆ ಚೆಲ್ಲುತ್ತಾನೆ. ಸುರಿದ ಆ್ಯಸಿಡ್ಡಿನಲ್ಲೂ ಸೀಸವಿದೆ. ಮೇಲೆ ಕಟ್ಟುವ ಕಿಟ್ಟದಲ್ಲಿ ಸೀಸವೂ ಅಂಟಿಮನಿಯೂ ಇರುತ್ತವೆ, ಕೆಲವು ಮಿಶ್ರಲೋಹಗಳಿಗೆ ಪಾಷಾಣವನ್ನೂ ಒಂದು ಚಿಟಿಕೆ ಸೇರಿಸಿರುತ್ತಾರೆ. ಮಳೆ ಬಂದು ಹೋದರೂ ಸೀಸ ಮಣ್ಣಿನಲ್ಲೇ ಉಳಿಯುತ್ತದೆ. ಬಿಸಿಲು ಬಿದ್ದಾಗ ಧೂಳಾಗಿ ಏಳುತ್ತದೆ. ನೆಲದಲ್ಲಿ ಆಡಿ ಬೆರಳು ಬಾಯಿಗಿಡುವ ಮಗುವಿನ ಹೊಟ್ಟೆಗೆ ಹೋಗುತ್ತದೆ. ದೊಡ್ಡವರಿಗಿಂತ ಮಕ್ಕಳ ಮೈ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಹೊಟ್ಟೆನೋವು, ಮಲಬದ್ಧತೆ, ರಕ್ತ ಕಡಿಮೆಯಾಗುವುದು, ಸಿಡುಕು, ಪಾಠ ತಲೆಗೆ ಹತ್ತದಿರುವುದು, ಇವು ಲಕ್ಷಣಗಳು. ಎಷ್ಟೋ ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ, ಮೇಷ್ಟರು ದಡ್ಡನೆಂದು ಹೊಡೆಯುತ್ತಾರೆ ಅಷ್ಟೆ. ಸೀಸ ಎಲುಬಿನಲ್ಲಿ ಹತ್ತಾರು ವರ್ಷ ಕೂತಿರುತ್ತದೆ, ಬಸುರಿಯಾದಾಗ ತಾಯಿಯಿಂದ ಕೂಸಿಗೆ ದಾಟುತ್ತದೆ.

ಆಫ್ರಿಕದ ಸೆನೆಗಲ್ ದೇಶದಲ್ಲಿ, ಡಾಕರ್ ನಗರದ ಅಂಚಿನ ಥಿಯಾರೊಯ್ ಎಂಬಲ್ಲಿ, ಬಡವರು ಹಳೆಯ ಬ್ಯಾಟರಿ ಒಡೆದ ಜಾಗದ ಮಣ್ಣನ್ನು ಅಗೆದು, ಜರಡಿ ಹಿಡಿದು, ಸೀಸ ಆರಿಸಿ ಮಾರುತ್ತಿದ್ದರು. ಮನೆಯೊಳಗೂ ತಂದಿಡುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚಿನೊಳಗೆ ಅಲ್ಲಿ 18 ಮಕ್ಕಳು ತೀರಿಕೊಂಡರು. ಆ ತಾಯಂದಿರು ನಮ್ಮ ಹಾಗೆಯೇ ಎರಡು ಕಾಸಿಗೆ ದುಡಿಯುವವರು.

ನಮ್ಮ ಹುಡುಗರು ಕೆಲವರು ಎಸ್ಟೇಟ್ ಬಿಟ್ಟು ಬಯಲುಸೀಮೆಯ ಕಡೆ ಸೀಸ ಕರಗಿಸುವ ಕೆಲಸಕ್ಕೆ ಹೋಗಿದ್ದಾರೆ. 1948ರ ಕಾರ್ಖಾನೆ ಕಾಯ್ದೆಯಲ್ಲಿಯೇ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯ ತಲೆಯಲ್ಲಿ ಸೀಸದ ವಿಷವನ್ನು ಬರೆದಿದ್ದರು. ಆ ಹುಡುಗರಿಗೆ ಹೇಳಿ ಕಳುಹಿಸಿ: ರಕ್ತ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಲಿ, ಕೈ ಬಾಯಿ ತೊಳೆಯದೆ ಬೀಡಿ ಹಚ್ಚದಿರಲಿ, ಕೆಲಸದ ಬಟ್ಟೆಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳದಿರಲಿ.

ಮನೆಯಲ್ಲಿ ತಾಯಂದಿರು ಮಾಡಬಹುದಾದ್ದೂ ಇದೆ. ಒಣ ಪೊರಕೆಯಿಂದ ಗುಡಿಸಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರಸಿ. ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸಿ. ಹಸಿದ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ. ರಾಗಿ, ಸೊಪ್ಪು, ಹಾಲು ತಿಂದುಂಡ ಮೈ ಕಡಿಮೆ ಹೀರುತ್ತದೆ. ನಮ್ಮ ಅಜ್ಜಿಯರ ರಾಗಿಯೇ ಇಲ್ಲಿಯೂ ಕೆಲಸಕ್ಕೆ ಬಂತು ನೋಡಿ.

ಸತ್ತ ಬ್ಯಾಟರಿಯನ್ನು ಏನು ಮಾಡಬೇಕು? ಇಡಿಯಾಗಿ, ಆ್ಯಸಿಡ್ ಸಮೇತ, ಹೊಸದು ಕೊಳ್ಳುವ ಅಂಗಡಿಗೇ ಕೊಡಬೇಕು. ವಿತರಕರು ಹಳೆಯದನ್ನು ಹಿಂದಕ್ಕೆ ಪಡೆಯಬೇಕೆಂದು 2001ರಲ್ಲಿಯೇ ನಿಯಮ ಬಂತು. 2022ರ ಹೊಸ ನಿಯಮದಲ್ಲಿ ಆ ಹೊಣೆ ತಯಾರಕರ ಮೇಲೆ ಬಿದ್ದಿದೆ. ಸರಿಯಾದ ಕಾರ್ಖಾನೆಯಲ್ಲಿ ಆ ಮಣ್ಣಿನಿಂದಲೂ ಸೀಸ ತೆಗೆಯುತ್ತಾರೆ, ಗಟ್ಟಿ ಸೀಸ ಮತ್ತೆ ಹೊಸ ಬ್ಯಾಟರಿಯ ಗೂಟವೋ ಪಟ್ಟಿಯೋ ಆಗುತ್ತದೆ. ಹೊಸದಕ್ಕೆ ಕೊಡುವ ಹಣದಲ್ಲಿ ಹಳೆಯದರ ಬೆಲೆಯನ್ನು ಮುರಿದುಕೊಳ್ಳುತ್ತಾರೆ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕಡಿಮೆ ತೂಕ ತೋರಿಸಿ ನಮ್ಮನ್ನು ಮೋಸ ಮಾಡುವವರಿದ್ದಾರೆ, ಅದೂ ನಮಗೆ ಗೊತ್ತು. ಅದಕ್ಕೇ ಒಬ್ಬೊಬ್ಬರೇ ಹೋಗದೆ ಒಟ್ಟಿಗೆ ಹೋಗೋಣ.

ಬರುವ ಶನಿವಾರ ಗೂಡಲೂರಿಗೆ ಜೀಪು ಹೋಗುತ್ತದೆ. ನಿಮ್ಮ ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಮಂಚದ ಕೆಳಗೆ ಹಳೆಯ ಬ್ಯಾಟರಿ ಇದ್ದರೆ ಮುಚ್ಚಳ ಬಿಗಿದು, ನೆಟ್ಟಗೆ ನಿಲ್ಲಿಸಿ ತನ್ನಿ. ಮಂದಿರದ ಹಿಂದಿನ ಮಣ್ಣನ್ನು ನಾವು ಮುಟ್ಟಿಲ್ಲ. ಮೇಲೆ ಸಿಮೆಂಟು ಹಾಕಿಸಿದ್ದೇವೆ, ಬೇಲಿ ಕಟ್ಟಿದ್ದೇವೆ. ಅದನ್ನು ಅಗೆಯಬೇಡಿ, ಅಲ್ಲಿ ಸೊಪ್ಪು ಬೆಳೆಸಬೇಡಿ. ಆ ಬಾಣಲೆಯನ್ನು ಅಡಿಗೆಮನೆಯಿಂದ ತಂದು ಬೇರೆ ಇಟ್ಟಿದ್ದೇವೆ, ಅದೂ ಜೀಪಿನಲ್ಲಿ ಹೋಗುತ್ತದೆ. ಬಲೆಯ ಗುಂಡುಗಳು ಇನ್ನೂ ಎರಡು ಮನೆಗಳಲ್ಲಿ ಇವೆಯೆಂದು ಕೇಳಿದ್ದೇವೆ. ಮಕ್ಕಳು ಅವನ್ನು ಬಾಯಿಗಿಟ್ಟು ಹಲ್ಲಿನಿಂದ ಕಚ್ಚುತ್ತಾರಂತೆ. ಅವನ್ನೂ ತನ್ನಿ. ಬಲೆಗೆ ಬೇರೆ ಭಾರವನ್ನು ಕಮಿಟಿಯ ಖರ್ಚಿನಲ್ಲಿ ಕೊಡಿಸುತ್ತೇವೆ.